ನನ್ನದಲ್ಲವೆಂದ ರಿಪೋರ್ಟು

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಪಂಪಿನ ಬಿಡಿಭಾಗಗಳು ಡ್ರಾಯಿಂಗಿನಲ್ಲಿ ಕೊಟ್ಟ ಅಳತೆಗೆ ಸರಿಯಿವೆಯೇ ಎಂದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಪೆನ್ನಿನಲ್ಲಿ 'ರಿಜೆಕ್ಟ್' ಎಂದು ಬರೆದು ವಾಪಸು ಕಳಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ: "ಡ್ರಾಯಿಂಗ್ ಓದ್ದೆ ಪೀಸ್ ಮುಟ್ಬೇಡಿ." ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಕಳೆದ ವರ್ಷ ಗಡ್ಡೆ ಬೆಳೆದಿದೆಯೆಂದು ಗರ್ಭಕೋಶ ತೆಗೆಸಿಕೊಂಡೆ. ಕೆಲಸಕ್ಕೆ ಮರಳಿದ ದಿನ ಕ್ಯಾಂಟೀನಿನಲ್ಲಿ, "ಎಲ್ಲಾ ತೆಗ್ಸಿ ಬಿಸಾಕಿದೀನಿ ಕಣ್ರೇ, ಇನ್ನು ಆ ಕಡೆ ಚಿಂತೆನೇ ಇಲ್ಲ" ಎಂದು ಜಂಬ ಕೊಚ್ಚಿದೆ. ಆರು ತಿಂಗಳಿಗೆ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಮೂಗು ಕೊಯ್ದುಕೊಂಡ ಮೇಲೂ ನೆಗಡಿ ಬಂತೆಂದು ಯಾರ ಮುಂದೆ ಹೇಳುವುದು? ಗ್ಯಾಸ್ ಎಂದು ನಾನೇ ತೀರ್ಪು ಕೊಟ್ಟು ಓಮದ ನೀರು ಕುಡಿದೆ. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ ಬಿಟ್ಟೆ. ಅದಕ್ಕಿಂತ ದೊಡ್ಡ ತ್ಯಾಗ ನನ್ನಿಂದ ಸಾಧ್ಯವಿಲ್ಲ.

ನಿಜ ಹೇಳಬೇಕೆಂದರೆ ಹೆದರಿದ್ದೆ. ಕ್ಯಾನ್ಸರ್ ಆಗಿದ್ದರೆ? ಬಾಯಿಬಿಟ್ಟು ಹೇಳದಿದ್ದರೆ ಅದು ಇರುವುದೇ ಇಲ್ಲ ಎಂಬಂತೆ ನಾಲ್ಕು ತಿಂಗಳು ತಳ್ಳಿದೆ. ಯಜಮಾನರಿಗೂ ತಿಳಿಸಲಿಲ್ಲ.

ಕೊನೆಗೆ ಒಂದು ಶನಿವಾರ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಚೀಟಿ ಬರೆಸಿಕೊಂಡು ದಾಸರಹಳ್ಳಿಯ ಸ್ಕ್ಯಾನಿಂಗ್ ಸೆಂಟರಿಗೆ ಒಬ್ಬಳೇ ಹೋದೆ. ಕೈಗೆ ಬಂದ ರಿಪೋರ್ಟಿನಲ್ಲಿ ಎಡ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರಿನ ಗುಳ್ಳೆ ಇದೆ ಎಂದಿತ್ತು. ನನಗೆ ಧೈರ್ಯ ಬಂದುಬಿಟ್ಟಿತು. ನನಗೆ ಅಂಡಾಶಯವೇ ಇಲ್ಲವಲ್ಲ!

"ಇದು ಬೇರೆಯವ್ರದ್ದು. ನಂಗೆ ಓವರಿನೇ ಇಲ್ಲ, ಎಲ್ಲಾ ತೆಗ್ದಿದಾರೆ" ಎಂದು ಕೌಂಟರಿನ ಹುಡುಗಿಯ ಮೇಲೆ ಹಾರಿಬಿದ್ದೆ.

"ಹೆಸ್ರು ನಿಮ್ದೇ ಇದೆ ಮೇಡಂ."

"ಹೆಸ್ರು ಯಾರ್ ಬೇಕಾದ್ರೂ ಹಾಕ್ಬಹುದು" ಎಂದವಳೇ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ರಿಪೋರ್ಟಿನ ಮೇಲೆ ಅಡ್ಡಗೆರೆ ಎಳೆದು 'ರಿಜೆಕ್ಟ್' ಎಂದು ಬರೆದೆ. ಕೆಳಗೆ ಸಹಿ ಬೇರೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಆ ಹುಡುಗಿ ಮಾತ್ರ ತಣ್ಣಗೆ, "ಆಸ್ಪತ್ರೆಯವ್ರು ಕೊಟ್ಟಿರೋ ಡಿಸ್ಚಾರ್ಜ್ ಪೇಪರ್ ಒಂದ್ಸಲ ಓದಿ ಮೇಡಂ" ಎಂದಳು.

ಮನೆಗೆ ಬಂದು ಬೀರುವಿನಿಂದ ಆ ಫೈಲು ತೆಗೆದೆ. ಒಂದು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಗರ್ಭಕೋಶ ತೆಗೆಯಲಾಗಿದೆ, ಎರಡೂ ಅಂಡಾಶಯ ಉಳಿಸಲಾಗಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅಂದರೆ ಆ ಗುಳ್ಳೆ ನನ್ನದೇ. ಫೈಲು ಹಿಡಿದೇ ಮಂಚದ ಮೇಲೆ ಕುಳಿತೆ. ಯಜಮಾನರು ಬಂದು ಏನೆಂದು ಕೇಳಿದಾಗ ಸ್ಕ್ಯಾನಿಂಗ್ ರಿಪೋರ್ಟನ್ನೇ ಕೊಟ್ಟೆ.

ಸೋಮವಾರ ಇಬ್ಬರೂ ರಜೆ ಹಾಕಿ, ಆಪರೇಷನ್ ಮಾಡಿದ್ದ ಡಾಕ್ಟರಮ್ಮನ ಬಳಿಗೆ ಹೋದೆವು. ಅವರು ರಿಪೋರ್ಟು ನೋಡಿ, "ಇದ್ಯಾರು ರಿಜೆಕ್ಟ್ ಮಾಡಿದ್ದು?" ಎಂದರು.

"ನಾನೇ ಮೇಡಂ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಿಧಾನವಾಗಿ ವಿವರಿಸಿದರು. "ನಿಮ್ ವಯಸ್ಸಿಗೆ ಓವರಿ ಇರ್ಲಿ ಅಂತ ಉಳಿಸಿದ್ವಿ. ಅವತ್ತೇ ಹೇಳಿದ್ದೆ, ನೀವು ತಲೆ ಆಡಿಸಿದ್ರಿ. ಇದು ನೋಡೋಕೆ ಬರೀ ನೀರುಗುಳ್ಳೆ, ಕ್ಯಾನ್ಸರ್ ಲಕ್ಷಣ ಕಾಣ್ತಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ. ಆದ್ರೆ ನೋವಿಗೆ ಇದೇ ಕಾರಣ ಅಂತ ಈಗ್ಲೇ ಹೇಳಕ್ಕಾಗಲ್ಲ. ಆಪರೇಷನ್ ಆದ ಜಾಗ ಒಳಗೆ ಅಂಟ್ಕೊಂಡಿರ್ಬಹುದು, ಸ್ನಾಯು ಬಿಗಿದಿರ್ಬಹುದು. ಹತ್ತಕ್ಕೆ ಎಷ್ಟು ನೋವಿದೆ, ಹೇಳಿ."

"ಎರಡು, ಹೆಚ್ಚಂದ್ರೆ ಮೂರು" ಎಂದೆ.

"ಎಂಟು ಮೇಡಂ" ಎಂದರು ಯಜಮಾನರು. ಆಸ್ಪತ್ರೆಗಳಲ್ಲಿ ಬಾಯಿ ಬಿಡುವ ಮನುಷ್ಯರೇ ಅಲ್ಲ ಅವರು. "ಮೆಟ್ರೋ ಮೆಟ್ಲು ಹತ್ತೋವಾಗ ಅರ್ಧಕ್ಕೆ ನಿಂತು ಮೊಬೈಲ್ ನೋಡೋ ಥರ ಮಾಡ್ತಾಳೆ. ನಾಲ್ಕು ತಿಂಗಳಾಯ್ತು. ನಾನು ನೋಡಿದ್ದು ಅವಳಿಗೆ ಗೊತ್ತಾಗ್ದೆ ಇರ್ಲಿ ಅಂತ ನಾನೂ ಚಪ್ಪಲಿ ಸರಿ ಮಾಡ್ಕೊಳ್ಳೋ ಥರ ನಿಂತ್ಕೋತೀನಿ."

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು, ಎರಡನ್ನೂ ದಾಟಿ ಅಳು ಬಂತು. ಡಾಕ್ಟರಮ್ಮ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಂಟೇ ಬರ್ಕೊಳ್ಳಿ" ಎಂದೆ.