ಹೆಸರು ಹಾಕೋ ಮಾಮನ ಅಮೆರಿಕಾ ಕಾಸುಗಳು

ಕಳೆದ ವಾರ ಕೆ.ಆರ್. ಪುರದ ಪಾತ್ರೆ ಅಂಗಡಿಯೊಂದಕ್ಕೆ ತಾಮ್ರದ ಚೊಂಬು ತರಲು ಹೋಗಿದ್ದೆ. ಒಳಗಿನಿಂದ ಪಾಲಿಶ್ ಮಿಷಿನ್ನಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು ನೋಡಿ. ಹಲಸೂರಿನ ಮಾಮ ನೆನಪಾದರು...

ನಾನು ಚಿಕ್ಕವಳಾಗಿದ್ದಾಗ ಮಾಮ ನಮ್ಮ ಪಕ್ಕದ ಮನೆಯವರು. ತಮ್ಮನ ಪಾತ್ರೆ ಅಂಗಡಿಯಲ್ಲಿ ಕೂತು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಅವರು ಹೆಸರು ಹಾಕದ ಡಬ್ಬಿಯೇ ಇರಲಿಲ್ಲ. ಅವರಿಗೊಂದು ಹುಚ್ಚು, ಅಮೆರಿಕದ ಹಳೇ ತಾಮ್ರದ ಕಾಸು ಕೂಡಿಡುವುದು. ಎಲ್ಲ ಕಾಸೂ ಅಲ್ಲ. ಇನ್ನೂರು ವರ್ಷದ ಹಿಂದೆ ಅಲ್ಲಿನ ಬೆಳ್ಳಿ ಕೆಲಸದವರು, ಬೀಗ ಮಾಡುವವರು ಕಾಸಿನ ಮೇಲೇ ತಮ್ಮ ಹೆಸರಿನ ಅಚ್ಚು ಒತ್ತಿ ಪೇಟೆಗೆ ಬಿಡುತ್ತಿದ್ದರಂತೆ, ಕೈಯಿಂದ ಕೈಗೆ ಹೋಗಿ ಹೆಸರು ಹರಡಲಿ ಅಂತ. ಅಂಥವು ಮಾತ್ರ ಬೇಕು. ಒಂದು ಹೊಸ ಅಂಗಿ ಹೊಲಿಸಿದವರಲ್ಲ, ಉಳಿಸಿದ್ದೆಲ್ಲ ಅದಕ್ಕೇ.

"ನಮ್ ಕಸುಬಿನೋರು ಕಣಮ್ಮಾ," ಅನ್ನುತ್ತ ಕಪ್ಪಗಿದ್ದ ಕಾಸನ್ನು ಬೆಳಕಿಗೆ ಓರೆ ಹಿಡಿಯುತ್ತಿದ್ದರು. ಸವೆದ ಅಕ್ಷರ ಆಗ ಮಾತ್ರ ಕಾಣುತ್ತಿತ್ತು. "ಇವರ ಅಂಗಡಿ ಇಲ್ಲ, ಮನೆ ಇಲ್ಲ... ಹೆಸರೊಂದು ಇಲ್ಲಿದೆ. ಈ ಕಪ್ಪು ಉಜ್ಬಾರ್ದು. ಉಜ್ಜಿದ್ರೆ ಹೋಯ್ತು."

ಒಂದು ಆಯುಧಪೂಜೆಗೆ ಮಾಮ ಜ್ವರ ಬಂದು ಮಲಗಿದ್ದರು. ಅವರ ತಮ್ಮ ಅಂಗಡಿಯ ತಕ್ಕಡಿ, ಸುತ್ತಿಗೆ ತೊಳೆದದ್ದು ಸಾಲದೆ ಅಣ್ಣನ ಕಾಸುಗಳನ್ನೂ ಪಾಲಿಶ್ ಮಿಷಿನ್ನಿಗೆ ಕೊಟ್ಟ. ಪೂಜೆಗೆ ಕೊಳೆ ತಾಮ್ರ ಇಡ್ತಾರಾ ಅಂತ! ತಟ್ಟೆ ತುಂಬ ಪಳಪಳ, ಮೇಲೆ ಕುಂಕುಮ. ಹೆಸರು ಒಂದೂ ಇಲ್ಲ. ಪೂಜೆಗೆ ನಾವೂ ಹೋಗಿದ್ದೆವು. ಎದ್ದು ಬಂದ ಮಾಮ ಒಂದೊಂದನ್ನೂ ಬೆಳಕಿಗೆ ಓರೆ ಹಿಡಿದು ನೋಡಿದರು.

"ಹೆಂಗಿದೆ ಅಣ್ಣಾ?" ತಮ್ಮ ಹಲ್ಲು ಕಿರಿದ.

"ಚೆನ್ನಾಗಿದೆ ಕಣೋ," ಅಂದುಬಿಟ್ಟರು ಪುಣ್ಯಾತ್ಮ.

ನನಗಂತೂ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ಆಮೇಲೆ ಮಾಮ ಕಾಸಿನ ಮಾತೇ ಎತ್ತಲಿಲ್ಲ. ಹೆಚ್ಚು ದಿನ ಉಳಿಯಲೂ ಇಲ್ಲ...

ಕೆ.ಆರ್. ಪುರದ ಈ ಅಂಗಡಿಯ ಗಲ್ಲಾದಲ್ಲಿ ಕೂತವನು ಮಾಮನ ಅದೇ ತಮ್ಮ. ಹಲಸೂರಿನಿಂದ ಅಂಗಡಿ ಯಾವಾಗ ಇಲ್ಲಿಗೆ ತಂದನೋ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಚೊಂಬಿಗೆ ಹೆಸರು ಹಾಕಿಕೊಡಿ ಅಂದೆ.

"ಈಗ ಅದೆಲ್ಲ ಯಾರು ಹಾಕಿಸ್ತಾರೆ ಮೇಡಂ?"

ಅವನ ಹಿಂದೆ, ದೇವರ ಪಟದ ಕೆಳಗಿನ ತಟ್ಟೆಯಲ್ಲಿ ಅವೇ ಕಾಸುಗಳು. ನಾನು ನೋಡುವುದನ್ನು ಕಂಡು ಅವನ ಕಣ್ಣು ತುಂಬಿತು.

"ನಮ್ಮಣ್ಣಂದು. ಅವನಿಗೆ ಇವು ಅಂದ್ರೆ ಪ್ರಾಣ. ಅದಕ್ಕೇ ಪ್ರತಿ ಹಬ್ಬಕ್ಕೂ ತಪ್ಪದೆ ಪಾಲಿಶ್ ಮಾಡಿಸ್ತೀನಿ. ಹೆಂಗಿವೆ?"

ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ಬಾಯಿಗೆ ಬಂತು. ಮಾಮನೇ ಇಲ್ಲದ ಮೇಲೆ ಯಾರಿಗಾಗಿ ಬೈಯಲಿ?

"ಚೆನ್ನಾಗಿವೆ ರೀ," ಅಂದೆ.