ಅಕ್ಕನ ಕೈಗಳನ್ನು ನೋಡದವನು

ನಮ್ಮ ಬೀದಿಯವರೆಲ್ಲ ಅವನನ್ನು ಮೂಳೆರಾಯ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದವನು. ಅದಕ್ಕೂ ಮೊದಲು ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ ಹುಡುಗ. ಕಲಿಸಿದವರ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ನಾನು ಕಾಣಲಿಲ್ಲ.

ನನಗೆ ಎಪ್ಪತ್ತು ಹತ್ತಿರವಾಗಿ ಬೆರಳು ನೋಯಲು ಶುರುವಾದಾಗ ಅವನೇ ನನ್ನ ಕೈಯ ಚಿತ್ರ ತೆಗೆದ. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಕ್ಕ.

"ಹೆಬ್ಬೆರಳಿನ ಬುಡ ಸವೆದುಹೋಗಿದೆ ಮೇಷ್ಟ್ರೇ. ಎಷ್ಟು ಜನರ ಕಿವಿ ಹಿಂಡಿದ್ದೀರೋ ಏನೋ!"

"ನಿನ್ನದೊಂದು ಬಿಟ್ಟುಹೋಯ್ತಲ್ಲ ಅಂತ ಈಗ ಬೇಜಾರು ಕಣೋ."

ಅಂದು ಅವನು ತನ್ನ ಮೇಜಿನ ಮೇಲಿದ್ದ ಮೂರು ಗುಡ್ಡೆಗಳನ್ನು ತೋರಿಸಿದ. ಹಿರಿಯ ಡಾಕ್ಟರು ಬರುವ ಮೊದಲೇ ಕೀಲುನೋವಿನವರ ಫಿಲ್ಮುಗಳನ್ನು ಬೇರೆ ಬೇರೆ ಮಾಡಿಡುವುದು ಅವನ ರೂಢಿ. ಮೊದಲನೆಯದು 'ಸವೆದದ್ದು'. ಬೆರಳ ತುದಿಯ ಗಿಣ್ಣು, ಹೆಬ್ಬೆರಳ ಬುಡ, ಮೊಣಕಾಲುಗಳಲ್ಲಿ ಎರಡು ಮೂಳೆಗಳ ನಡುವಿನ ಸಂದು ಒಂದು ಕಡೆ ಕಿರಿದಾಗಿರುತ್ತದೆ. ಅಂಚಿನಲ್ಲಿ ಮುಳ್ಳಿನಂಥ ಮೊಳಕೆ ಎದ್ದಿರುತ್ತದೆ. ಸಂದಿನ ಕೆಳಗೆ ಮೂಳೆ ಇನ್ನಷ್ಟು ಬೆಳ್ಳಗಾಗಿರುತ್ತದೆ. ಎರಡನೆಯದು 'ಕೊರೆದದ್ದು'. ಬೆರಳುಗಳ ಬುಡದ ಗಿಣ್ಣುಗಳಲ್ಲಿ, ಮಣಿಕಟ್ಟಿನಲ್ಲಿ, ಇರುವೆ ಕೊರೆದಂತೆ ಮೂಳೆಯ ಅಂಚು ಹೋಗಿರುತ್ತದೆ. ಸುತ್ತಲಿನ ಮೂಳೆ ಬಣ್ಣಗೆಟ್ಟ ಬಟ್ಟೆಯಂತೆ ಮಂಕಾಗಿರುತ್ತದೆ. ಹೆಚ್ಚಾಗಿ ಎರಡೂ ಕೈ ಒಂದೇ ರೀತಿ ಕೆಟ್ಟಿರುತ್ತವೆ. ಮೂರನೆಯದು 'ಕಚ್ಚಿದ್ದು'. ಕಾಲಿನ ಹೆಬ್ಬೆರಳ ಬಳಿ, ಸಂದಿಗೆ ಸ್ವಲ್ಪ ದೂರದಲ್ಲಿ, ಇಲಿ ಕಚ್ಚಿ ತೆಗೆದಂಥ ಕುಳಿ. ಕುಳಿಯ ಮೇಲೆ ಚಾಚಿಕೊಂಡ ಚೂಪು ಅಂಚು.

"ಸವೆದದ್ದಕ್ಕೆ ಅವಸರ ಇಲ್ಲ. ಕೊರೆದದ್ದಿದೆಯಲ್ಲ ಮೇಷ್ಟ್ರೇ, ಅದು ಒಳಗೇ ಉರಿಯೋ ಬೆಂಕಿ. ಬೇಗ ಔಷಧ ಬಿದ್ರೆ ಕೈ ಉಳಿಯುತ್ತೆ. ಇಲ್ಲದಿದ್ರೆ ಬೆರಳೆಲ್ಲ ಒಂದು ಕಡೆ ವಾಲಿಬಿಡುತ್ತೆ."

ಅವನು ಡಾಕ್ಟರಲ್ಲ. ಆದರೆ ಅವನ ಗುಡ್ಡೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಜನಸಂದಣಿಯ ದಿನಗಳಲ್ಲಿ ಹಿರಿಯ ಡಾಕ್ಟರು ಮೊದಲ ಗುಡ್ಡೆಯ ಫಿಲ್ಮುಗಳನ್ನು ಬೆಳಕಿಗೂ ಹಿಡಿಯದೆ ಚೀಟಿ ಬರೆದುಬಿಡುತ್ತಿದ್ದರು.

ಆ ಕೋಣೆಯವರಲ್ಲಿ ಒಂದು ಕಟ್ಟಳೆಯಿತ್ತು. ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಅದನ್ನು ಹೇಳಿದ್ದನಂತೆ: ಮನೆಯವರ ಮೂಳೆಯನ್ನು ನಾವು ನೋಡಬಾರದು, ಒಮ್ಮೆ ನೋಡಿದೆವೆಂದರೆ ಆಮೇಲೆ ಅವರ ಮುಖದಲ್ಲೂ ಅದೇ ಕಾಣುತ್ತದೆ, ಮನೆಯವರ ಫಿಲ್ಮನ್ನು ಬೆನ್ನು ತಿರುಗಿಸಿ ಲಕೋಟೆಗೆ ಹಾಕಿ, ಬೇರೆಯವರ ಕೈಗೆ ಕೊಟ್ಟು, ನೋಡಿ ಎನ್ನಬೇಕು. ನನ್ನ ಶಿಷ್ಯ ಈ ಪಾಠವನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಆದರೆ ಒಂದು ದಿನ ಅದರ ಅರ್ಧವನ್ನು ಮಾತ್ರ ಪಾಲಿಸಿದ.

ಅವನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಅರ್ಧ ಊರಿನ ಬಟ್ಟೆ ಹೊಲಿದು ಅವನನ್ನು ಓದಿಸಿದಳು. ಮಗಳು ಮದುವೆಗೆ ಬಂದ ಹೊತ್ತಿಗೆ, ಐವತ್ತೈದರ ಆಸುಪಾಸಿನಲ್ಲಿ, ಅವಳ ಕೈಗಳು ಬೆಳಗ್ಗೆ ಎದ್ದಾಗ ಮರಗಟ್ಟತೊಡಗಿದವು. ಅವಳ ಎರಡೂ ಕೈಗಳನ್ನು ಒಂದೇ ಫಿಲ್ಮಿನ ಮೇಲೆ ಇಡಿಸಿ ಚಿತ್ರ ತೆಗೆದ. ತೊಳೆದ ಫಿಲ್ಮು ಒಣಗಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಲಕೋಟೆಗೆ ಸೇರಿಸಿದ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಕೈ, ಸವೆಯದೆ ಇನ್ನೇನಾದೀತು ಎಂದುಕೊಂಡು, ಯಾರಿಗೂ ನೋಡಿ ಎನ್ನದೆ ಮೊದಲನೆಯ ಗುಡ್ಡೆಯ ಮೇಲಿಟ್ಟ. ಡಾಕ್ಟರು ಬೆಳಕಿಗೆ ಹಿಡಿಯಲಿಲ್ಲ. 'ಸವೆತ' ಎಂದು ಬರೆದು ನೋವಿನ ಮಾತ್ರೆ ಕೊಟ್ಟರು.

ಹನ್ನೊಂದು ವರ್ಷ ಕಳೆಯಿತು. ಅಕ್ಕನ ಬೆರಳುಗಳು ಗಾಳಿಗೆ ಬಾಗಿದ ಪೈರಿನಂತೆ ಕಿರುಬೆರಳ ಕಡೆಗೆ ವಾಲಿದವು. ಯಂತ್ರಕ್ಕೆ ಬಟ್ಟೆ ಹೊದಿಸಿದಳು. ಕಣ್ಣೆದುರೇ ಇದ್ದರೂ ಅವನು ಆ ಕೈಗಳನ್ನು ನೆಟ್ಟು ನೋಡುತ್ತಿರಲಿಲ್ಲ. ಸವೆತ ಹೆಚ್ಚಾಗಿದೆ ಎಂದು ತನಗೆ ತಾನೇ ಹೇಳಿಕೊಂಡ.

ಅವನು ನಿವೃತ್ತನಾಗುವ ವರ್ಷ ಆಸ್ಪತ್ರೆಗೆ ಕಂಪ್ಯೂಟರಿನ ಯಂತ್ರ ಬಂತು. ಹಳೆಯ ಫಿಲ್ಮುಗಳ ಕಪಾಟನ್ನು ಖಾಲಿ ಮಾಡಬೇಕಾಯಿತು. ಲಕೋಟೆಗಳನ್ನು ಗೆದ್ದಲು ತಿಂದಿತ್ತು. ಸುಮ್ಮನೆ ಕೈಗೆ ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ಚಟದಂತೆ ಒಂದೊಂದಕ್ಕೂ ಹೆಸರಿಡುತ್ತ ಕುಳಿತ. ಸವೆದದ್ದು. ಕಚ್ಚಿದ್ದು. ಸವೆದದ್ದು. ಆಮೇಲೆ ಒಂದು ಜೋಡಿ ಕೈ. ನಾಲ್ಕು ಬೆರಳ ಬುಡದಲ್ಲೂ ಅಂಚು ಕೊರೆದುಹೋಗಿದೆ, ಮಣಿಕಟ್ಟಿನ ಸಂದು ಮಂಕಾಗಿದೆ, ಎಡ ಬಲ ಎರಡೂ ಕನ್ನಡಿಯಲ್ಲಿ ನೋಡಿದಂತೆ ಒಂದೇ ಥರ. ಕೊರೆದದ್ದು; ಮೊದಲ ವರ್ಷ ಕಲಿಯುವವರಿಗೂ ತೋರಿಸಬಹುದಾದಷ್ಟು ಸ್ಪಷ್ಟ. ಮೂಲೆಯಲ್ಲಿದ್ದ ಸಂಖ್ಯೆಯನ್ನು ದಾಖಲೆ ಪುಸ್ತಕದಲ್ಲಿ ಹುಡುಕಿದ. ಅಲ್ಲಿ ಅವನದೇ ಅಕ್ಷರದಲ್ಲಿ ಅಕ್ಕನ ಹೆಸರಿತ್ತು.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ವಾಚನಾಲಯದ ಜಗಲಿಯಲ್ಲಿ. ಅಷ್ಟರಲ್ಲಿ ಎರಡು ತಿಂಗಳು ದಾಟಿತ್ತು. ಫಿಲ್ಮು ಅವನ ಹಾಸಿಗೆಯ ಕೆಳಗಿತ್ತು. ಮುದುಕ ಹೇಳಿದಂತೆಯೇ ಆಗಿತ್ತು.

"ಅವಳು ಲೋಟ ಎತ್ತಿದ್ರೆ ಲೋಟ ಕಾಣಲ್ಲ ಮೇಷ್ಟ್ರೇ. ಬಿಳೀ ಮೂಳೆ ಹೊಳೆಯೋದು ಕಾಣುತ್ತೆ. ಬಾಗಿಲು ತಟ್ಟಿದ್ರೆ ಮೂಳೆ ತಟ್ಟಿದ ಸದ್ದು. ಕಣ್ಣು ಮುಚ್ಚಿದ್ರೂ ಬಿಡಲ್ಲ, ರೆಪ್ಪೆಯ ಒಳಗೇ ಫಿಲ್ಮು ಅಂಟಿಸಿದ ಹಾಗೆ."

"ಈಗ ಔಷಧ ಇಲ್ವೇನೋ?"

"ಇದೆ. ಹೋದದ್ದು ಬರಲ್ಲ. ಉಳಿದದ್ದು ಉಳಿಯುತ್ತೆ."

"ಹಾಗಾದ್ರೆ ನೀನು ಸುಮ್ಮನಿದ್ದಷ್ಟು ದಿನ ಅವಳ ಕೈ ಉರೀತಾ ಇದೆ."

ಅವನು ತಲೆ ತಗ್ಗಿಸಿದ. "ಹೇಳಿದ ಮೇಲೆ ಅಕ್ಕ ನನ್ನ ಮುಖ ನೋಡ್ತಾಳಾ?"

"ನೋಡದೆ ಇರಬಹುದು," ಎಂದೆ. ಸುಳ್ಳು ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ನನ್ನನ್ನು ಜೊತೆಗೆ ಬರಲು ಬೇಡಿಕೊಂಡ. ಹೋದೆ.

ಅಕ್ಕ ಕಿಟಕಿಯ ಬಳಿ ಕುಳಿತು ಬಟ್ಟೆ ಮಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಕುರ್ಚಿ ಸರಿಸಿದಳು. "ಬನ್ನಿ ಮೇಷ್ಟ್ರೇ. ಏನಿದು, ಇವನು ಇನ್ನೂ ಮನೆಗೆಲಸ ಮಾಡಿಲ್ಲ ಅಂತ ದೂರು ಹೇಳೋಕೆ ಬಂದ್ರಾ?"

ಅವನು ನಿಂತೇ ಹೇಳಿದ. ಫಿಲ್ಮು ಹೇಗೆ ಸಿಕ್ಕಿತು, ಅಂದು ಹೇಗೆ ನೋಡದೆ ಗುಡ್ಡೆಯ ಮೇಲಿಟ್ಟ, ಅದರಲ್ಲಿ ಏನಿತ್ತು, ಎಲ್ಲವನ್ನೂ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಗುರುತು ಹತ್ತದವರನ್ನು ನೋಡುವಂತೆ ತಮ್ಮನನ್ನು ನೋಡಿದಳು.

"ನೋಡಲೇ ಇಲ್ವಾ ನೀನು?"

"ಇಲ್ಲ ಅಕ್ಕ."

"ಗೋಡೆ ಕಡೆ ತಿರುಗಿದೆಯಲ್ಲ ಅವತ್ತು, ಬಾಗಿಲ ಸಂದಿಯಿಂದ ನಾನು ನೋಡಿದೆ ಕಣೋ. ಆಮೇಲೆ ಹೊರಗೆ ಬಂದಾಗಲೂ ನನ್ನ ಮುಖ ನೋಡಲಿಲ್ಲ ನೀನು. ಹೇಳಬಾರದ್ದು ಏನೋ ಇದೆ, ಸಾಯೋ ಕಾಯಿಲೆ ಇರಬೇಕು, ಅಂದುಕೊಂಡೆ. ಡಾಕ್ಟರೂ ಕಣ್ಣೆತ್ತದೆ ಚೀಟಿ ಬರೆದ್ರು. ಅನುಮಾನ ಗಟ್ಟಿಯಾಯ್ತು."

"ನನ್ನನ್ನ ಕೇಳಬಹುದಿತ್ತಲ್ಲಕ್ಕ..."

"ಕೇಳಿದ್ರೆ ನೀನು ಹೇಳಿಬಿಡ್ತೀಯಲ್ಲ! ಬೇರೆ ಡಾಕ್ಟರ ಹತ್ತಿರ ಹೋದ್ರೆ ಅವರು ಹೇಳಿಬಿಡ್ತಾರೆ. ಅದಕ್ಕೇ ಎಲ್ಲಿಗೂ ಹೋಗಲಿಲ್ಲ. ಮಗಳ ಮದುವೆ ಅವಸರದಲ್ಲಿ ಮುಗಿಸಿದೆ. ಪ್ರತಿ ವರ್ಷ ಹೊಸ ಸೀರೆ ಬೇಡ ಅಂದೆ, ಉಡೋರು ಯಾರು ಅಂತ." ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಹನ್ನೊಂದು ವರ್ಷ ಕಣೋ. ಇವತ್ತು, ನಾಳೆ ಅಂತ. ಯಾವುದಕ್ಕೆ ಹೆದರಿದ್ದೆ ನಾನು?"

ಅವನು ಅವಳ ಪಾದದ ಬಳಿ ಕುಳಿತ.

"ಅಳಬೇಡ," ಎಂದಳು. ದನಿಯಲ್ಲಿ ಕರುಣೆಯಿರಲಿಲ್ಲ. "ಆ ಫಿಲ್ಮು ತಗೊಂಡು ಬಾ. ಏನಿದೆ ಅಂತ ಒಂದೊಂದಾಗಿ ಓದಿ ಹೇಳು."

ಅವನು ಕಿಟಕಿಗೆ ಹಿಡಿದು ಓದಿದ. ಪ್ರತಿ ಬೆರಳಿಗೂ ನಿಂತು, ಎಲ್ಲಿ ಅಂಚು ಹೋಗಿದೆ, ಎಲ್ಲಿ ಸಂದು ಮುಚ್ಚಿದೆ ಎಂದು ತೋರಿಸಿದ. ಅವಳು ಫಿಲ್ಮಿನ ಪಕ್ಕದಲ್ಲಿ ತನ್ನ ಕೈಯನ್ನೂ ಎತ್ತಿ ಹಿಡಿದು ಹೋಲಿಸಿ ನೋಡಿದಳು.

ಮಾರನೆಯ ದಿನ ಮೂವರೂ ಆಸ್ಪತ್ರೆಗೆ ಹೋದೆವು. ಈಗಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ಪರೀಕ್ಷೆ ಮಾಡಿಸಿದಳು, ಹೊಸ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ತುಂಬ ಹೊತ್ತು ನೋಡಿದಳು. ಉರಿ ಇನ್ನೂ ಆರಿಲ್ಲ, ಆರಿಸಬಹುದು, ವಾಲಿದ ಬೆರಳು ನೆಟ್ಟಗಾಗುವುದಿಲ್ಲ ಎಂದಳು. ಅವನು ಅಂದುಕೊಂಡಿದ್ದೇ.

ಔಷಧದ ಚೀಟಿಯನ್ನು ಹಿಡಿದು ಅಕ್ಕ ಪಡಸಾಲೆಯಲ್ಲಿ ನಿಂತಳು. ಅದನ್ನು ಮಡಿಸಿ ಚೀಲದಲ್ಲಿ ಇಡಬೇಕಿತ್ತು. ಹೆಬ್ಬೆರಳು ಕಾಗದವನ್ನು ತಳ್ಳುತ್ತಿತ್ತು, ಉಳಿದ ಬೆರಳುಗಳು ಹಿಡಿಯುತ್ತಿರಲಿಲ್ಲ. ತಮ್ಮ ಕೈ ಚಾಚಿದ.

"ಬಿಡೋ. ನಾನೇ ಮಡಿಸ್ತೀನಿ."

ಒಮ್ಮೆ ಕಾಗದ ಜಾರಿ ನೆಲಕ್ಕೆ ಬಿತ್ತು. ಅವಳೇ ಬಗ್ಗಿ ಎತ್ತಿಕೊಂಡಳು. ಮತ್ತೆ ಅಂಗೈಗೆ ಒತ್ತಿ, ಮಣಿಕಟ್ಟಿನಿಂದ ನೇವರಿಸಿ ಒಂದು ಮಡಿಕೆ ಹಾಕಿದಳು. ಎರಡನೆಯದಕ್ಕೆ ಇನ್ನೂ ಹೊತ್ತು ಹಿಡಿಯಿತು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನಾವಿಬ್ಬರೂ ಅವಳು ಮುಗಿಸುವವರೆಗೆ ಅಲ್ಲಿಯೇ ನಿಂತಿದ್ದೆವು.