‘ಇಲ್ಲ’ ಎಂಬ ಉತ್ತರದ ಆಯಸ್ಸು

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಕಲಿಸಿ ನಿವೃತ್ತನಾದವನು ಚಿತ್ರದುರ್ಗದ ಮನೆಯಲ್ಲಿ ಸುಮ್ಮನೆ ಕೂರುತ್ತಾನೆಯೇ? ನಾನೊಂದು ಲೈಬ್ರರಿ ಬರೆದೆ. ಪುಸ್ತಕದ್ದಲ್ಲ, ಬೇರೆ ಪ್ರೋಗ್ರಾಮರುಗಳು ಎತ್ತಿಕೊಂಡು ಬಳಸುವ ಕೋಡು. ವೆಬ್‌ಸೈಟಿನ ವಿಳಾಸ ಕೊಟ್ಟರೆ ಹೋಗಿ ಪುಟ ತಂದುಕೊಡುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಅದನ್ನು ಬಳಸುತ್ತಾರೆ, ಬೈಯುವುದು ನನ್ನ ಬೆನ್ನ ಹಿಂದೆ ಮಾತ್ರ. ಅಷ್ಟು ಚೆನ್ನಾಗಿದೆ.

ಆ ವಾರ ಬಾಗೂರಿನಲ್ಲಿರುವ ನನ್ನ ತಮ್ಮನ ಮಗಳು ಟೈಪಿಸ್ಟ್ ಹುದ್ದೆಯ ಆಯ್ಕೆ ಪಟ್ಟಿಗೆ ಕಾಯುತ್ತಿದ್ದಳು. ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲಿ ಬಂದ ಮರುದಿನ ಸಂಜೆ ಐದರೊಳಗೆ ಮೂಲ ದಾಖಲೆ ಹಿಡಿದು ದುರ್ಗದ ಕಚೇರಿಗೆ ಬರಬೇಕು. ತಪ್ಪಿದರೆ ಹುದ್ದೆ ಮುಂದಿನವರಿಗೆ. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಅವರ ಮನೆ ಹತ್ತಿರ ನೆಟ್ ಸಿಗುವುದೇ ಅಪರೂಪ.

‘ನಾನಿದ್ದೀನಲ್ಲ, ನೀನು ನೆಮ್ಮದಿಯಾಗಿ ಮಲಕ್ಕ’ ಎಂದಿದ್ದೆ.

ಅವಳು ‘ಹ್ಞೂಂ’ ಎಂದ ಧಾಟಿ ನನಗೆ ಹಿಡಿಸಲಿಲ್ಲ. ಏಳನೇ ತರಗತಿಯಲ್ಲಿ ಪಾಸಾಗಿದ್ದವಳಿಗೆ ಫೇಲಾಗಿದ್ದೀಯ ಎಂದು ಹೇಳಿ ಅಳಿಸಿ, ಆಮೇಲೆ ಜಿಲೇಬಿ ತಿನ್ನಿಸಿದ್ದವನು ನಾನು. ಒಳ್ಳೆಯ ತಮಾಷೆ. ಅವಳಿಗಿನ್ನೂ ಹಾಗೆ ಅನ್ನಿಸಿಲ್ಲ.

ನನ್ನ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಆ ಸೈಟಿನ ಬಾಗಿಲು ಬಡಿಯಿತು. ಎರಡನೇ ದಿನ ಸೈಟು ‘ಬಹಳ ಸಲ ಕೇಳಿದ್ದೀರಿ, ತಡೆಯಿರಿ’ ಎಂದಿತು. ನನಗೆ! ಕೂಡಲೇ ಲೈಬ್ರರಿಗೆ ಕ್ಯಾಶಿಂಗ್ ಸೇರಿಸಿದೆ. ಒಮ್ಮೆ ತಂದ ಉತ್ತರವನ್ನು ಎತ್ತಿಟ್ಟುಕೊಂಡು, ಮತ್ತೆ ಅದನ್ನೇ ಕೇಳಿದರೆ ಸೈಟಿನ ತನಕ ಹೋಗದೆ ಇಟ್ಟಿದ್ದನ್ನೇ ಕೊಡುವ ಉಪಾಯ. ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ನಾವೇ ಹೇಳಬೇಕು. ಎರಡು ದಿನ ಎಂದು ಬರೆದೆ. ಧಾರಾಳ ಮನುಷ್ಯ ನಾನು. ಸಂಜೆ ನಾಲ್ಕಕ್ಕೆ ಸೈಟು ಮತ್ತೆ ಒಳಗೆ ಬಿಟ್ಟಿತು, ‘ಪಟ್ಟಿ ಪ್ರಕಟವಾಗಿಲ್ಲ’ ಎಂಬ ಪುಟ ಬಂತು. ಹೆಂಡತಿಯನ್ನು ಕರೆದು, ನೆಟ್ಟಿನ ವೈರು ಕಿತ್ತು, ಪುಟ ತರುವ ಗುಂಡಿ ಒತ್ತಿದೆ.

‘ನೋಡಿದ್ಯೇನೇ? ವೈರೇ ಇಲ್ಲ, ಆದ್ರೂ ಬಂತು!’

‘ಹಂಗೇ ನನ್ ಮಿಕ್ಸಿ ವೈರೂ ಕಿತ್ತು ಚಟ್ನಿ ಮಾಡ್ಕೊಡ್ರಿ.’

ಮರುದಿನ ಎಂಟಕ್ಕೆ ಹುಡುಗಿಯ ಫೋನು ಬಂತು. ವೈರನ್ನು ಆಗಲೇ ಮತ್ತೆ ಸಿಕ್ಕಿಸಿದ್ದೆ. ಗುಂಡಿ ಒತ್ತಿ ‘ಇಲ್ಲ’ ಎಂದೆ. ಒಂಬತ್ತಕ್ಕೆ ಮತ್ತೆ ಕೇಳಿದಳು.

‘ಇಲ್ಲ ಕಣೇ. ನನ್ ಲೈಬ್ರರಿ ಸುಳ್ಳು ಹೇಳಲ್ಲ.’

‘ಲೈಬ್ರರಿ ಹೇಳಲ್ಲ ಬಿಡ್ರಿ ದೊಡ್ಡಪ್ಪ’ ಎಂದು ಫೋನಿಟ್ಟಳು.

ಆಮೇಲೆ ಫೋನೇ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಜಗುಲಿಗೆ ಹೋಗುವುದು, ಬಂದು ಒತ್ತುವುದು, ಚಹಾ ಕೇಳುವುದು, ಕುಡಿಯದೆ ಮತ್ತೆ ಒತ್ತುವುದು. ಒತ್ತಿದ ಕ್ಷಣಕ್ಕೇ ‘ಪ್ರಕಟವಾಗಿಲ್ಲ’. ಮೂರೂವರೆಗೆ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

‘ಅಲ್ರೀ, ಈ ಸೈಟು ಒಂದು ಪುಟ ತೋರ್ಸಾಕೆ ನಾನು ಅಕ್ಕಿ ತೊಳೆಯೋಷ್ಟು ಹೊತ್ತು ತಗಂತಿತ್ತು. ಇವತ್ತೇನು ಕೈ ಇಡೋಕೆ ಮುಂಚೆನೇ ಇಲ್ಲ ಅಂತೈತೆ?’

ಎತ್ತಿಟ್ಟ ಉತ್ತರದ ಹೊತ್ತು ನೋಡಿದೆ. ನಿನ್ನೆ ನಾಲ್ಕು ಗಂಟೆ. ಮೊಬೈಲಿನಲ್ಲಿ ನೇರವಾಗಿ ಸೈಟು ತೆರೆದೆ. ಪಟ್ಟಿ ನಿನ್ನೆ ಐದೂವರೆಗೇ ಬಂದಿತ್ತು, ಎರಡನೇ ಪುಟದಲ್ಲಿ ಅವಳ ಹೆಸರು. ಬಾಗೂರಿನಿಂದ ಹೊಸದುರ್ಗ, ಹೊಳಲ್ಕೆರೆ ದಾಟಿ ಬರಲು ಎರಡು ಗಂಟೆಗೂ ಮೇಲೆ ಬೇಕು. ಫೋನು ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಎಷ್ಟು ಸಲ ಮಾಡಿದೆನೋ ಗೊತ್ತಿಲ್ಲ.

ನಾಲ್ಕೂಕಾಲಿಗೆ ಅವಳದೇ ಬಂತು. ‘ದೊಡ್ಡಪ್ಪ, ಹೆಸರು ಐತೆ. ದಾಖಲೆ ಎಲ್ಲಾ ಕೊಟ್ಟೆ. ಒಳಗೆ ಫೋನ್ ಆಫ್ ಮಾಡ್ಸಿದ್ರು.’

‘ಎಲ್ಲಿದ್ದೀಯವ್ವ?’

‘ದುರ್ಗದಾಗೇ. ನೀವು ಎರಡನೇ ಸಲ ಇಲ್ಲ ಅಂದ್ರಲ್ಲ, ಅವಾಗ್ಲೇ ಬಸ್ ಹತ್ತಿದೆ. ನಿಮ್ಮ ಮಾತು ನಂಬಿ ಒಂದ್ಸಲ ಅತ್ತಿದ್ದು ಸಾಕು.’

ಸಂಜೆ ಮನೆಗೆ ಬಂದವಳು ಬ್ಯಾಗೂ ಇಳಿಸದೆ ನನ್ನ ಕಂಪ್ಯೂಟರಿನ ಮುಂದೆ ನಿಂತಳು.

‘ಎಲ್ಲಿ, ಒತ್ರಿ.’

ಒತ್ತಿದೆ. ‘ಪಟ್ಟಿ ಪ್ರಕಟವಾಗಿಲ್ಲ.’ ಹೆಂಗಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎತ್ತಿಟ್ಟಿದ್ದನ್ನು ಅಳಿಸಿ, ‘ಇಲ್ಲ’ ಎಂಬ ಉತ್ತರವನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ ಎಂದು ಒಂದು ಸಾಲು ಬರೆದು ಮತ್ತೆ ಒತ್ತಿದೆ. ಸೈಟು ಅಕ್ಕಿ ತೊಳೆಯುವಷ್ಟು ಹೊತ್ತು ತೆಗೆದುಕೊಂಡು ಅವಳ ಹೆಸರು ತಂದಿತು.

‘ನೋಡು, ನನ್ ಲೈಬ್ರರಿ ಎಷ್ಟು ಕರೆಕ್ಟಾಗಿ ತಂದೈತೆ!’ ಎಂದೆ.

ಅವಳು ಬ್ಯಾಗಿನಿಂದ ಜಿಲೇಬಿ ಪೊಟ್ಟಣ ತೆಗೆದು ದೊಡ್ಡಮ್ಮನಿಗೆ ಕೊಟ್ಟಳು. ನಾನು ಕೈ ಚಾಚಿದೆ.

‘ಮೊದ್ಲು ಅಳ್ರಿ. ಆಮೇಲೆ ಜಿಲೇಬಿ.’

‘ಕೊಡವ್ವ’ ಎಂದಳು ಹೆಂಡತಿ, ‘ಅಳೋದು ಮೂರೂವರೆಗೇ ಆಗೈತೆ.’